ಸದ್ದು ಬದಲಾದರೆ ಇಂಜಿನ್ ನಿಲ್ಲಿಸಿ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಗದ್ದೆಗೆ ಕೆಸರು ಹೊಡೆಯುವ ಕೆಲಸ ಇಂದು ಬಹುಮಟ್ಟಿಗೆ ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರುಗಳನ್ನು ನಂಬಿದೆ. ಇವುಗಳಲ್ಲಿ ಹಳೆಯವೂ ಅನೇಕ. ಮಳೆ ಹಿಡಿದೊಡನೆ ಒಂದೇ ಯಂತ್ರಕ್ಕೆ ಹಲವರು ಕಾಯುತ್ತಾರೆ. ಸಸಿಮಡಿಯಲ್ಲಿ ಸಸಿ ಬಲಿಯುತ್ತಿರುತ್ತದೆ. ಈ ಅವಸರದಲ್ಲಿ ಇಂಜಿನ್ನಿನಿಂದ ಹೊಸ ಸದ್ದು ಬಂದರೂ "ಇದೊಂದು ಗದ್ದೆ ಮುಗಿಯಲಿ" ಎಂದು ಓಡಿಸುವವರುಂಟು. ಹೀಗೆ ಓಡಿಸಿದ ಇಂಜಿನ್ ಕೆಟ್ಟು ನಿಂತರೆ ಮಾಲೀಕನಿಗೆ ರಿಪೇರಿಯ ಹೊರೆ, ಕಾದಿದ್ದವರಿಗೆ ನಾಟಿಯ ನಷ್ಟ.

ಹಳೆಯ ಇಂಜಿನ್ ಸದ್ದು ಮಾಡುವುದು ಸಹಜ. ನಿನ್ನೆ ಇಲ್ಲದೆ ಇಂದು ಕೇಳಿಬಂದ ಸದ್ದಿನ ಬಗ್ಗೆ ಎಚ್ಚರ ಬೇಕು. ಅದು ತಣ್ಣಗಿರುವಾಗ ಬರುವುದೋ, ಬಿಸಿಯಾದ ಮೇಲೋ. ಖಾಲಿ ಓಡುವಾಗಲೋ, ಭಾರ ಬಿದ್ದಾಗಲೋ ಎಂಬುದನ್ನು ಗಮನಿಸಿ ಮೆಕ್ಯಾನಿಕ್ಕಿಗೆ ತಿಳಿಸಿದರೆ ಅರ್ಧ ಕೆಲಸ ಆದಂತೆ.

ಮೇಲ್ಭಾಗದಲ್ಲಿ ಒಂದೇ ಸಮನೆ "ಟಿಕ್ ಟಿಕ್" ಎನ್ನುತ್ತಿದ್ದರೆ ಸಾಮಾನ್ಯವಾಗಿ ಟ್ಯಾಪೆಟ್ ಸಡಿಲವಾಗಿರುತ್ತದೆ. ಕಂಪನಿಯ ಪುಸ್ತಕದಲ್ಲಿ ಹೇಳಿದ ಅಂತರಕ್ಕೆ ಅದನ್ನು ಹೊಂದಿಸಬೇಕು. "ಕೀಂಯ್" ಎಂದು ಕಿರುಚಿದರೆ ಫ್ಯಾನ್ ಬೆಲ್ಟ್ ನೋಡಿ. ಅದು ಜಾರಿದರೆ ಇಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಬೆಳಗಿನ ಡೀಸೆಲ್ ಬಡಿತ ಬಿಸಿಯಾದಂತೆ ತಗ್ಗಬೇಕು. ತಗ್ಗದೆ ಹೊಗೆಯೂ ಹೆಚ್ಚಾದರೆ ನಾಜಲ್ ಪರೀಕ್ಷೆ ಮಾಡಿಸಬೇಕು. ಕೆಳಭಾಗದಿಂದ "ದಡ್ ದಡ್" ಎಂಬ ಭಾರವಾದ ಬಡಿತ ಬಂದು, ಆಯಿಲ್ ಒತ್ತಡದ ಮುಳ್ಳು ಇಳಿದರೆ ಅಥವಾ ಕೆಂಪು ದೀಪ ಹತ್ತಿದರೆ ಆ ಕ್ಷಣವೇ ನಿಲ್ಲಿಸಿ. ಬೇರಿಂಗ್ ಸವೆದಿರುವ ಸಂಭವವಿದೆ. ಆಗಲೇ ನಿಲ್ಲಿಸಿದರೆ ಬೇರಿಂಗ್ ಬದಲಿಸುವುದರಲ್ಲಿ ಮುಗಿಯಬಹುದು. ಓಡಿಸಿದರೆ ಕ್ರ್ಯಾಂಕ್ ಶಾಫ್ಟ್ ಕೆಡುತ್ತದೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆಯಲೂಬಹುದು.

ದಿನವೂ ಕೆಲಸಕ್ಕೆ ಮೊದಲು, ಸಮನಾದ ನೆಲದಲ್ಲಿ ಇಂಜಿನ್ ನಿಲ್ಲಿಸಿ ಆಯಿಲ್ ಮಟ್ಟ ನೋಡಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಹಾಕದೆಯೇ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಸೇರುತ್ತಿದೆ ಎಂದು ತಿಳಿಯಬೇಕು. ಮಂದವಾದ ಆಯಿಲ್ ಸುರಿದು ಸದ್ದು ಅಡಗಿಸುವುದು ರಿಪೇರಿಯಲ್ಲ, ರೋಗ ಮುಚ್ಚಿಟ್ಟಂತೆ. ಹಳೆಯ ಯಂತ್ರ ಕೊಳ್ಳುವವರೂ ಇದನ್ನು ನೆನಪಿಡಬೇಕು.

ಹರಿಯಾಣದ ಪಿಂಜೋರಿನಲ್ಲಿ 1971ರಿಂದ ತಯಾರಾದ ಎಚ್.ಎಂ.ಟಿ. ಟ್ರ್ಯಾಕ್ಟರುಗಳ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ತಯಾರಿಕೆ ನಿಂತ ಇಂಥ ಯಂತ್ರಗಳಿಗೆ ಬಿಡಿಭಾಗ ಹೊಂದಿಸಲು ಸಮಯ ಬೇಕು. ಆ ಹುಡುಕಾಟ ನಾಟಿಯ ವಾರದಲ್ಲಿ ಆಗದು, ಬೇಸಿಗೆಯಲ್ಲೇ ಮುಗಿಯಬೇಕು.

ಇನ್ನೊಂದು ಮಾತು. ಸದ್ದು ಮೊದಲು ಕೇಳುವುದು ಚಾಲಕನಿಗೆ. ನಿಲ್ಲಿಸಿದರೆ ಮಾಲೀಕ ಬೈಯುತ್ತಾನೆ, ಗದ್ದೆಯವ ಬಾಡಿಗೆ ಹಿಡಿಯುತ್ತಾನೆ ಎಂಬ ಅಂಜಿಕೆಯಿಂದ ಅವನು ಸುಮ್ಮನಿರುತ್ತಾನೆ. ಎತ್ತು ಕುಂಟಿದರೆ ಯಾರನ್ನೂ ಕೇಳದೆ ನೊಗ ಇಳಿಸುತ್ತಿದ್ದೆವು. ಇಂಜಿನ್ ನಿಲ್ಲಿಸುವ ಅಧಿಕಾರವನ್ನೂ ಚಾಲಕನಿಗೆ ಕೊಡಬೇಕು. ನಿಲ್ಲಿಸಿದ ಹೊತ್ತಿನ ಕೂಲಿ ಕಡಿಯಬಾರದು. ರೈತ ಬಾಂಧವರು ಮುಂಗಾರಿಗೆ ಮೊದಲೇ ಈ ಮಾತನ್ನು ತಮ್ಮತಮ್ಮಲ್ಲಿ ಗೊತ್ತುಮಾಡಿಕೊಳ್ಳುವುದು ಲೇಸು.