ರಾಯಚೂರು ಬಿಸಿಲಿಗೂ ಪಿಕಪ್ಪಿಗೂ ಸಂಬಂಧ ಇಲ್ಲ ಸ್ವಾಮಿ!

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಈಗ ಸಿಟ್ಟು ಬಂದಿದೆ, ಅದಕ್ಕೇ ಬರೀತಿದ್ದೇನೆ.

ನಮ್ಮ ಚಿಕ್ಕಪ್ಪನ ಮಗ ದೇವದುರ್ಗದಲ್ಲಿದ್ದಾನೆ. ಮದುವೆ, ಜಾತ್ರೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ನುಡಿಸುತ್ತಾನೆ. ಎರಡು ವರ್ಷ ದುಡ್ಡು ಕೂಡಿಸಿ, ದೊಡ್ಡ ಊರಿನ ಅಂಗಡಿಯೊಂದರಲ್ಲಿ ಹದಿನೆಂಟು ಸಾವಿರ ಕೊಟ್ಟು ಎಲೆಕ್ಟ್ರಿಕ್ ಗಿಟಾರ್ ತಂದ. ಡಬ್ಬ ಒಡೆದು ನುಡಿಸಿದರೆ ಕುತ್ತಿಗೆ ಕಡೆಯ ಪಿಕಪ್ ಗಟ್ಟಿಯಾಗಿದೆ, ಬ್ರಿಡ್ಜ್ ಕಡೆಯದು ಸೊಳ್ಳೆ ಗುಂಯ್ ಅಂದ ಹಾಗೆ! ಅಂಗಡಿಗೆ ಫೋನ್ ಮಾಡಿದರೆ "ಈ ರೇಟಿಗೆ ಹಾಗೇ ಬರೋದು, ಬೇರೆ ಪಿಕಪ್ ಹಾಕಿಸ್ಕೊಳ್ಳಿ, ಐದು ಸಾವಿರ ಆಗುತ್ತೆ" ಅಂದರಂತೆ. ಜೊತೆಗಾರರದ್ದು ಇನ್ನೊಂದು ತೀರ್ಪು: "ನಮ್ಮ ಬಿಸಲಿಗೆ ಮ್ಯಾಗ್ನೆಟ್ ಹೋಗ್ಯಾದ."

ಮೊದಲು ಈ ಬಿಸಿಲಿನ ಕಥೆ ಮುಗಿಸೋಣ. ರಾಯಚೂರಿನಲ್ಲಿ ಬೇಸಿಗೆಗೆ 44, 45 ಡಿಗ್ರಿ ಮುಟ್ಟುವುದು ನಿಜ. ಆದರೆ ಪಿಕಪ್ಪಿನಲ್ಲಿ ಹಾಕುವ ಆಲ್ನಿಕೋ ಅಯಸ್ಕಾಂತ ತನ್ನ ಗುಣ ಪೂರ್ತಿ ಕಳೆದುಕೊಳ್ಳಬೇಕಾದರೆ 800 ಡಿಗ್ರಿ ದಾಟಬೇಕು. ಅಗ್ಗದ ಸೆರಾಮಿಕ್ ಅಯಸ್ಕಾಂತಕ್ಕೂ ಸುಮಾರು 450 ಬೇಕು. ಅಷ್ಟು ಕಾದರೆ ಗಿಟಾರಿನ ಕಟ್ಟಿಗೆಯೇ ಇರುವುದಿಲ್ಲ, ನುಡಿಸುವವನ ಮಾತು ಬಿಡಿ :) ನಮ್ಮ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಬಿಸಿಲು, ಮೊಬೈಲ್ ಕೆಟ್ಟರೂ ಬಿಸಿಲು. ಪಾಪದ ಬಿಸಿಲು!

ನಾನೇನು ಕಡಿಮೆ ಅಂತೀರಾ? ಅವನು ಗಿಟಾರ್ ಹೊತ್ತುಕೊಂಡು ರಾಯಚೂರಿನ ನಮ್ಮ ಮನೆಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ, ಒಂದು ತಾಸು ಕೂತು ಆನ್‌ಲೈನ್‌ನಲ್ಲಿ ಪಿಕಪ್ ರೇಟ್ ನೋಡಿದ್ದು. ಇಂಜಿನಿಯರಿಂಗ್‌ನಲ್ಲಿ ಫ್ಯಾರಡೆ ನಿಯಮ ಬರೆದು ಮಾರ್ಕ್ಸ್ ತಗೊಂಡವನು ನಾನು. ಫ್ಯಾರಡೆ ಅದನ್ನು ತೋರಿಸಿದ್ದು 1831ರಲ್ಲಿ. ಪಿಕಪ್ ಅಂದರೆ ಅದೇ: ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಇಷ್ಟು ಗೊತ್ತಿದ್ದೂ ಕೈಗೆ ಸ್ಕ್ರೂಡ್ರೈವರ್ ಬರಲಿಲ್ಲ, ಕ್ರೆಡಿಟ್ ಕಾರ್ಡ್ ಬಂತು.

ಆಮೇಲೆ ನಾಚಿಕೆಯಾಗಿ ನೋಡಿದೆ. ಬ್ರಿಡ್ಜ್ ಹತ್ತಿರ ತಂತಿ ಅದುರುವುದೇ ಕಡಿಮೆ, ಹಾಗಾಗಿ ಅಲ್ಲಿಯ ಪಿಕಪ್ ತಂತಿಗೆ ಇನ್ನಷ್ಟು ಹತ್ತಿರ ಇರಬೇಕು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಸುಮಾರು 2 ಮಿಲಿಮೀಟರ್ ಸಂದು ಸಾಕು. ಇದರಲ್ಲಿ 5 ಇತ್ತು! ಎರಡು ಬದಿಯ ಸ್ಕ್ರೂ ತಿರುಗಿಸಿ ಎತ್ತಿದೆ. ಸ್ವಲ್ಪ ಏರಿತು, ಆದರೂ ಸಪ್ಪೆ. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದೆ. ಕುತ್ತಿಗೆಯದು 7.6 ಕಿಲೋ ಓಮ್, ಬ್ರಿಡ್ಜಿನದು 4.1. ಅಕ್ಕಪಕ್ಕ ಎರಡು ಕಾಯಿಲ್ ಇರುವ ಹಂಬಕರ್ ಪಿಕಪ್ ಇದು. ಅರ್ಧ ತೋರಿಸುತ್ತಿದೆ ಅಂದರೆ ಒಂದು ಕಾಯಿಲ್ ಕೆಲಸ ಮಾಡುತ್ತಿಲ್ಲ.

ನಮ್ಮ ಮನೆಯಲ್ಲಿ ಸೋಲ್ಡರಿಂಗ್ ಐರನ್ ಇಲ್ಲ (ನಗಬೇಡಿ). ಹೇಗೂ ಮರುದಿನ ಮಾನ್ವಿಯಲ್ಲಿ ಅವನ ಕಾರ್ಯಕ್ರಮ ಇತ್ತು, ಅಲ್ಲಿಗೆ ಮೈಕ್‌ಸೆಟ್ ಹಾಕುವವರ ಅಂಗಡಿಗೇ ಹೋದೆವು. ಆ ಹಿರಿಯರು ಆಂಪ್ಲಿಫೈಯರ್ ಹಚ್ಚಿ, ಪಿಕಪ್ಪಿನ ಮೇಲೆ ಕಾಣುವ ಕಬ್ಬಿಣದ ಗುಬುಟುಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದೇ ಕುಟ್ಟಿದರು. ಒಂದು ಸಾಲು ಟಕ್ ಟಕ್, ಇನ್ನೊಂದು ಸಾಲು ಮಂಕು. "ಈ ಕಡೀದು ಮಲಗ್ಯಾದ ತಮ್ಮಾ, ಸತ್ತಿಲ್ಲ. ಹಿಂದಿನ ಮುಚ್ಚಳ ಬಿಚ್ಚು."

ಬಿಚ್ಚಿದೆವು. ಎರಡು ಕಾಯಿಲ್ ಸೇರಿಸುವ ತಂತಿಗಳ ಗಂಟಿಗೆ ಟೇಪೇ ಸುತ್ತಿರಲಿಲ್ಲ! ಬರೀ ಮೈಯಲ್ಲಿ ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ ತಾಗಿತ್ತು, ಆ ಬೆನ್ನು ಅರ್ತ್. ಒಂದು ಕಾಯಿಲಿನ ಆವಾಜೆಲ್ಲ ನೇರ ಅರ್ತಿಗೆ ಹೋಗುತ್ತಿತ್ತು. ಗಂಟು ಬಿಡಿಸಿ, ಟೇಪ್ ಸುತ್ತಿದ ಮೇಲೆ ಮೀಟರ್ 8.2 ಅಂತು. ಸೋಲ್ಡರಿಂಗ್ ಐರನ್ ಬೇಕಾಗಲೇ ಇಲ್ಲ. ಹಿರಿಯರು ದುಡ್ಡೂ ತಗೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಈಗ ಹೇಳಿ, ಐದು ಸಾವಿರ ಯಾತಕ್ಕೆ? ನಾಲ್ಕು ಇಂಚು ಟೇಪಿಗೆ? ಮಾರುವ ಮುಂಚೆ ಒಂದು ಸಲ ಕೇಬಲ್ ಸಿಕ್ಕಿಸಿ ಮೀಟರ್ ಹಿಡಿದಿದ್ದರೆ ಗೊತ್ತಾಗುತ್ತಿತ್ತು, ಒಂದು ನಿಮಿಷದ ಕೆಲಸ. "ಸೀಲ್ಡ್ ಪೀಸ್" ಅಂತ ಹೆಮ್ಮೆಯಿಂದ ಕೊಡುತ್ತಾರಲ್ಲ, ಸೀಲ್ ಅಂದರೆ ಮಾರುವವನೂ ನೋಡಿಲ್ಲ ಅಂತ ತಾನೇ ಅರ್ಥ? ಅಗ್ಗದ ಗಿಟಾರ್ ಕೊಂಡವನು ಅಗ್ಗದ ಮನುಷ್ಯ ಅಂದುಕೊಂಡು "ಈ ರೇಟಿಗೆ ಹಾಗೇ" ಅಂದುಬಿಡುತ್ತಾರೆ. ಆ ಹದಿನೆಂಟು ಸಾವಿರ ಅವನಿಗೆ ಎಷ್ಟು ರಾತ್ರಿಯ ನಿದ್ದೆ ಅಂತ ಅವರಿಗೇನು ಗೊತ್ತು!

ನಮ್ಮದು ದಾಸರ ಸೀಮೆ. ಮಾನ್ವಿ ಜಗನ್ನಾಥದಾಸರ ಊರು, ವಿಜಯದಾಸರ ಚೀಕಲಪರ್ವಿ ಅಲ್ಲೇ ಹತ್ತಿರ. ತಂಬೂರಿಯ ನಾದ ಬಿಚ್ಚದಿದ್ದರೆ ಕುದುರೆಯ ಮೇಲಿನ ಜೀವಾಳದ ದಾರ ಕೂದಲೆಳೆಯಷ್ಟು ಸರಿಸಿ, ಕಿವಿಗೊಟ್ಟು, ಮತ್ತೆ ಸರಿಸುತ್ತಾರೆ. ರಾಯಚೂರಿನ ಜಂಬಲದಿನ್ನಿ ರಂಗಮಂದಿರದಲ್ಲಿ ಕಛೇರಿ ಕೇಳಿದವರಿಗೆ ಈ ಕೆಲಸ ಹೊಸದಲ್ಲ. "ಬುರುಡೆ ಬದಲಿಸಿ" ಅಂತ ಯಾರೂ ಹೇಳುವುದಿಲ್ಲ. ಗಿಟಾರ್ ಡಬ್ಬದಲ್ಲಿ ಬಂದ ತಕ್ಷಣ ಅದಕ್ಕೆ ಕಿವಿಗೊಡುವುದು ಯಾಕೆ ಮರೆಯುತ್ತೇವೆ?

ವಾರಂಟಿ ಹೋಗುತ್ತದೆ ಅಂತ ಹೆದರಬೇಡಿ. ಸ್ಕ್ರೂ ಎತ್ತುವುದಕ್ಕೆ, ಮೀಟರ್ ಹಿಡಿಯುವುದಕ್ಕೆ ಏನನ್ನೂ ಬಿಚ್ಚಬೇಕಿಲ್ಲ. ಅರ್ಧ ಓಮ್ ತೋರಿಸಿದರೆ ಫೋಟೋ ತೆಗೆದು ಅಂಗಡಿಗೇ ಕಳಿಸಿ, ಜಗಳ ಮಾಡಿ. ಅದಕ್ಕೂ ಬಗ್ಗದಿದ್ದರೆ ಮುಚ್ಚಳ ಬಿಚ್ಚಿ.

ನಿನ್ನೆ ದೇವದುರ್ಗದಿಂದ ಫೋನ್. "ಅಣ್ಣಾ, ಈಗ ಕುತ್ತಿಗಿ ಕಡೀದೇ ಸಣ್ಣಗ ಕೇಳಕತ್ಯಾದ, ಎಷ್ಟು ಸುತ್ತು ತಿರುವಲಿ?" ಅಂದ. ಅರ್ಧ ಸುತ್ತು ತಿರುವಿ ಕೇಳು ಅಂದೆ.