ರಿಪೋರ್ಟ್ ಚೆನ್ನಾಗಿದ್ದರೆ ಸಾಕೇ?

ಕಿಟಕಿ ಮುಚ್ಚಿದ ಬಾಣಂತಿ ಕೋಣೆಯ ಕೆಂಡವಾಗಲಿ, ಬಚ್ಚಲಿನ ಗ್ಯಾಸ್ ಗೀಸರ್ ಆಗಲಿ, ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುವ ಕೇಡಿಗ ಅದು!

ತಲೆಸುತ್ತಿ ಬಿದ್ದವರನ್ನು ಆಸ್ಪತ್ರೆಗೆ ಒಯ್ದಿರಿ ಅನ್ನಿ. ಬೆರಳಿಗೆ ಸಿಕ್ಕಿಸುವ ಯಂತ್ರ 98 ತೋರಿಸಿದರೂ ನಂಬಬೇಡಿ. ಆಮ್ಲಜನಕ ಯಾವುದು, ವಿಷ ಯಾವುದು ಎಂದು ಅದಕ್ಕೆ ತಿಳಿಯದು. ರಕ್ತ ತೆಗೆದು ವಿಷದ ಪ್ರಮಾಣ ನೋಡುತ್ತಾರೆ. ಕಡಿಮೆ ಬಂತೆಂದು ‘ಸದ್ಯ, ಗೆದ್ದೆವು’ ಅಂದುಕೊಳ್ಳಬೇಡಿ. ಬರಿಯ ಗಾಳಿಯಲ್ಲೇ 4–5 ಗಂಟೆಗೆ, ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಗೇ ಅದು ಅರ್ಧಕ್ಕಿಳಿಯುತ್ತದೆ. ಮೆದುಳಿಗೆ ಬಿದ್ದ ಪೆಟ್ಟನ್ನು ಆ ಅಂಕಿ ಹೇಳದು.

ಅದಕ್ಕೇ ವೈದ್ಯರು ಲ್ಯಾಕ್ಟೇಟ್, ಟ್ರೋಪೊನಿನ್ ಪರೀಕ್ಷೆಗಳನ್ನೂ ಬರೆಯುವುದು. ಆಮ್ಲಜನಕ ಸಾಲದೆ ಅಂಗಾಂಗ ಬಳಲಿದರೆ ಮೊದಲನೆಯದು ಏರುತ್ತದೆ, ಹೃದಯ ನೊಂದರೆ ಎರಡನೆಯದು. ಏರಿದ್ದರೆ ಹೆಚ್ಚಿನ ನಿಗಾ ಬೇಕು. ಖರ್ಚೆಂದು ಬೇಡವೆನ್ನಬೇಡಿ. ಆದರೆ ಮುಂದೆ ಹೀಗೇ ಆಗುತ್ತದೆಂದು ಖಚಿತವಾಗಿ ಹೇಳುವ ಪರೀಕ್ಷೆ ಯಾವುದೂ ಇಲ್ಲ.

ಮನೆಗೆ ಬಂದು ಚೆನ್ನಾಗಿಯೇ ಇದ್ದವರಿಗೆ ಕೆಲವು ವಾರಗಳ ನಂತರ ಮರೆವು, ನಡಿಗೆಯಲ್ಲಿ ತಡವರಿಕೆ, ಇಲ್ಲದ ಸಿಡುಕು ಶುರುವಾಗಬಹುದು. ‘ಸುಸ್ತು ಬಿಡಿ’ ಅನ್ನದೆ, ಹಳೆಯ ರಿಪೋರ್ಟು ಹಿಡಿದು ಮತ್ತೆ ಅದೇ ವೈದ್ಯರ ಬಳಿಗೆ ಕರೆದೊಯ್ಯಿರಿ.