ಉಸಿರು ಕಸಿಯುವ ಮರಳು ಮತ್ತು ಚಿಕ್ಕ ಉದ್ಯಮಗಳ ಹೊಣೆ

ಹೊಸ ಜೀನ್ಸ್ ಪ್ಯಾಂಟನ್ನು ಹಳೆಯದರಂತೆ ಕಾಣಿಸುವುದು ಒಂದು ಫ್ಯಾಶನ್. ತೊಡೆ ಮತ್ತು ಮೊಣಕಾಲಿನ ಭಾಗದಲ್ಲಿ ಬಣ್ಣ ಮಾಸಿದ ಪ್ಯಾಂಟಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಆ ಬಣ್ಣ ಹೇಗೆ ಮಾಸಿತೆಂದು ಕೊಳ್ಳುವವನು ಕೇಳುವುದಿಲ್ಲ. ಟರ್ಕಿಯ ನೂರಾರು ಕುಟುಂಬಗಳಿಗೆ ಮಾತ್ರ ಅದರ ಉತ್ತರ ಗೊತ್ತಿದೆ. ಕಂಪ್ರೆಸರ್‌ನ ಗಾಳಿಯ ಒತ್ತಡದಿಂದ ಬಟ್ಟೆಯ ಮೇಲೆ ಮರಳನ್ನು ಸಿಡಿಸಿ ಬಣ್ಣ ಕೀಳುವ ಕೆಲಸಕ್ಕೆ ಅಲ್ಲಿನ ಪೂರ್ವ ಪ್ರಾಂತಗಳ ಹಳ್ಳಿಗಳಿಂದ ಬಡ ಯುವಕರು ಇಸ್ತಾಂಬುಲ್‌ಗೆ ಬಂದರು. ಕಿಟಕಿ ಮುಚ್ಚಿದ ಸಣ್ಣ ಕೋಣೆಗಳಲ್ಲಿ ದಿನವಿಡೀ ದುಡಿದರು. ಅನೇಕರು ರಾತ್ರಿ ಅಲ್ಲೇ ಮಲಗಿದರು. ಕೆಲವೇ ವರ್ಷಗಳಲ್ಲಿ ಅವರಿಗೆ ಉಸಿರಾಡುವುದೇ ಕಷ್ಟವಾಯಿತು. ಹದಿಹರೆಯದಲ್ಲಿಯೇ ಈ ಕೆಲಸಕ್ಕೆ ಸೇರಿದ್ದ ಇಬ್ಬರು ಯುವಕರ ಕಾಯಿಲೆಯ ಕುರಿತು ಅಲ್ಲಿನ ವೈದ್ಯರು 2005ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಾಗ ಜಗತ್ತಿನ ಗಮನ ಅತ್ತ ಹರಿಯಿತು. ಕಾಯಿಲೆಯ ಹೆಸರು ಸಿಲಿಕೋಸಿಸ್.

ನಿಜವಾಗಿ ಇದು ಹೊಸ ರೋಗವಲ್ಲ. ಗಣಿ, ಕಲ್ಲುಕ್ವಾರಿ, ಸ್ಲೇಟು ಪೆನ್ಸಿಲ್ ತಯಾರಿಕೆ ಮುಂತಾದ ಕೆಲಸಗಳಲ್ಲಿ ಇದು ಬಹುಕಾಲದಿಂದ ಜೀವಗಳನ್ನು ಬಲಿ ಪಡೆಯುತ್ತಾ ಬಂದಿದೆ. ಮರಳಿನ ಬಹುಪಾಲು ಸಿಲಿಕಾ. ಒತ್ತಡದಿಂದ ಸಿಡಿದ ಮರಳಿನ ಕಣ ಲೋಹಕ್ಕೋ ಬಟ್ಟೆಗೋ ಬಡಿದು ಒಡೆದಾಗ ಕಣ್ಣಿಗೆ ಕಾಣದಷ್ಟು ನವಿರಾದ ಧೂಳು ಏಳುತ್ತದೆ. ಮೂಗು, ಗಂಟಲುಗಳು ದೊಡ್ಡ ಕಣಗಳನ್ನು ತಡೆಯುತ್ತವೆ. ಆದರೆ ಈ ನವಿರು ಧೂಳು ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತದೆ. ಅದರ ಸುತ್ತ ಗಾಯ ಮಾಗಿದಂತೆ ಗಂಟುಗಳು ಬೆಳೆಯುತ್ತವೆ, ಶ್ವಾಸಕೋಶ ಗಡುಸಾಗುತ್ತದೆ. ಒಮ್ಮೆ ಹೀಗಾದರೆ ಅದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ನಂತರವೂ ರೋಗ ಬೆಳೆಯಬಹುದು. ಸಿಲಿಕೋಸಿಸ್ ಇರುವವರನ್ನು ಕ್ಷಯ ರೋಗ ಬೇಗನೆ ಹಿಡಿಯುತ್ತದೆ. ಸಿಲಿಕಾ ಧೂಳು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಖಚಿತವಾಗಿ ಸಾರಿದೆ. ಗಣಿಯಲ್ಲಿ ಇಪ್ಪತ್ತು ವರ್ಷಗಳಲ್ಲಿ ಕಾಣಿಸಿಕೊಳ್ಳುವ ರೋಗ ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವವರಲ್ಲಿ ಕೆಲವೊಮ್ಮೆ ಎರಡು ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತದೆ. ಏಕೆಂದರೆ ಅಲ್ಲಿ ಧೂಳಿನ ಪ್ರಮಾಣ ಅಷ್ಟು ಹೆಚ್ಚು.

ಟರ್ಕಿಯಲ್ಲಿ ಕಾರ್ಮಿಕ ಕಾನೂನು ಇರಲಿಲ್ಲವೇ? ಇತ್ತು. ಆದರೆ ದೊಡ್ಡ ಕಂಪೆನಿಗಳು ಈ ಕೆಲಸವನ್ನು ತಮ್ಮ ಕಾರ್ಖಾನೆಯೊಳಗೆ ಇಟ್ಟುಕೊಳ್ಳಲಿಲ್ಲ. ಗುತ್ತಿಗೆ, ಉಪಗುತ್ತಿಗೆಗಳ ಮೂಲಕ ಅದು ನೋಂದಣಿಯಿಲ್ಲದ ಚಿಕ್ಕ ವರ್ಕ್‌ಶಾಪ್‌ಗಳನ್ನು ಸೇರಿತು. ಅಲ್ಲಿ ವಿಮೆಯಿಲ್ಲ, ಹಾಜರಿ ಪುಸ್ತಕವಿಲ್ಲ, ತಪಾಸಣೆಗೆ ಬರುವ ಅಧಿಕಾರಿಯೂ ಇಲ್ಲ. ರೋಗ ಬಂದಾಗ ತಾನು ಅಲ್ಲಿ ದುಡಿದಿದ್ದೆ ಎಂದು ಸಾಬೀತುಪಡಿಸುವ ಒಂದು ಚೀಟಿಯೂ ಕಾರ್ಮಿಕನ ಬಳಿ ಇರಲಿಲ್ಲ. ರೋಗಿಗಳು, ವೈದ್ಯರು ಮತ್ತು ಸಮಾಜಸೇವಕರು ಒಟ್ಟಾಗಿ ಹೋರಾಡಿದ ಬಳಿಕ 2009ರಲ್ಲಿ ಸರಕಾರವು ಜೀನ್ಸ್ ಬಟ್ಟೆಗೆ ಮರಳು ಸಿಡಿಸುವುದನ್ನು ನಿಷೇಧಿಸಿತು. ವಿಮೆಯಿಲ್ಲದೆ ದುಡಿದಿದ್ದ ರೋಗಿಗಳಿಗೂ ಪಿಂಚಣಿ ಸಿಗುವಂತೆ 2011ರಲ್ಲಿ ಕಾನೂನು ಬಂತು. ಆದರೆ ಶ್ವಾಸಕೋಶವನ್ನು ಮರಳಿ ಕೊಡಲು ಯಾವ ಕಾನೂನಿಗೆ ಸಾಧ್ಯ? ಅಷ್ಟರಲ್ಲಿ ಈ ಕೆಲಸ ಗಡಿ ದಾಟಿ ಬಾಂಗ್ಲಾದೇಶದಂತಹ ಇತರ ದೇಶಗಳ ಬಡವರ ಪಾಲಾಗಿತ್ತು.

ಈ ಕಥೆ ನಮಗೇಕೆ ಎಂದು ಕೇಳಬಹುದು. ನಮ್ಮ ಪಟ್ಟಣಗಳ ಕೈಗಾರಿಕಾ ಪ್ರದೇಶಗಳನ್ನು, ಹೆದ್ದಾರಿ ಬದಿಯ ಶೆಡ್ಡುಗಳನ್ನು ಒಮ್ಮೆ ಸುತ್ತಿ ಬರೋಣ. ತುಕ್ಕು ಹಿಡಿದ ಕಬ್ಬಿಣಕ್ಕೆ, ಲಾರಿಯ ಚಾಸಿಗೆ, ಗೇಟು ಗ್ರಿಲ್ಲುಗಳಿಗೆ ಪೈಂಟ್ ಹಚ್ಚುವ ಮುನ್ನ ಬ್ಲಾಸ್ಟಿಂಗ್ ಮಾಡುತ್ತಾರೆ. ಗಾಜಿನ ಬಾಗಿಲಿನ ಮೇಲೆ ಹೂಬಳ್ಳಿ ಮೂಡಿಸಲು, ಗ್ರಾನೈಟ್ ಫಲಕದಲ್ಲಿ ಹೆಸರು ಕೆತ್ತಲು ಬಳಸುವುದೂ ಇದೇ ವಿಧಾನ. ಈ ಘಟಕಗಳಲ್ಲಿ ಕೆಲಸಗಾರರು ಹೆಚ್ಚೆಂದರೆ ನಾಲ್ಕೈದು ಮಂದಿ. ಧಣಿಯೂ ಹೆಚ್ಚಾಗಿ ಅವರ ಜೊತೆಯಲ್ಲೇ ದುಡಿಯುವವನು. ಎಷ್ಟೋ ಕಡೆ ರಕ್ಷಣೆಯೆಂದರೆ ಮುಖಕ್ಕೆ ಕಟ್ಟಿದ ಕರ್ಚೀಫು. ಆ ಬಟ್ಟೆ ಕಣ್ಣಿಗೆ ಕಾಣುವ ಧೂಳನ್ನಷ್ಟೇ ತಡೆಯುತ್ತದೆ, ಕೊಲ್ಲುವ ಧೂಳನ್ನು ತಡೆಯುವುದಿಲ್ಲ. ಇನ್ನು ಗಲ್ಫ್ ರಾಷ್ಟ್ರಗಳ ಹಡಗುಕಟ್ಟೆ ಮತ್ತು ತೈಲ ಯೋಜನೆಗಳಿಗೆ ಬ್ಲಾಸ್ಟರ್, ಪೈಂಟರ್ ಕೆಲಸಕ್ಕಾಗಿ ವಿಮಾನ ಹತ್ತುವ ಯುವಕರಿಗೆ ವೀಸಾ ಮತ್ತು ಸಂಬಳದ ಲೆಕ್ಕ ಚೆನ್ನಾಗಿ ಗೊತ್ತು. ಎದೆಯೊಳಗೆ ತುಂಬುವ ಧೂಳಿನ ಲೆಕ್ಕವನ್ನು ಅವರಿಗೆ ಹೇಳಿದವರು ಯಾರು?

ಅಪಾಯ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಬ್ಲಾಸ್ಟಿಂಗ್‌ಗೆ ಮರಳು ಬಳಸುವುದನ್ನು ಬ್ರಿಟನ್ 1949ರ ನಿಯಮಾವಳಿಯ ಮೂಲಕವೇ ನಿಷೇಧಿಸಿತು. ನಮ್ಮಲ್ಲಿಯೂ 1948ರ ಕಾರ್ಖಾನೆಗಳ ಕಾಯ್ದೆಯ ಅಡಿಯಲ್ಲಿ ಇದನ್ನು ಅಪಾಯಕಾರಿ ಕೆಲಸಗಳ ಪಟ್ಟಿಗೆ ಸೇರಿಸಲಾಗಿತ್ತು. ಆದರೆ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುತ್ತಿದ್ದುದು ವಿದ್ಯುತ್ ಬಳಸಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಮಾತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಈ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿದೆ. ಅಪಾಯಕಾರಿ ಕೆಲಸವಿರುವ ಕಡೆ ಸಂಖ್ಯೆಯನ್ನು ನೋಡದೆ ಸಂಹಿತೆಯನ್ನು ಅನ್ವಯಿಸುವ ಅಧಿಕಾರವನ್ನು ಅದು ಸರಕಾರಕ್ಕೆ ನೀಡಿದೆಯಾದರೂ ಅಧಿಕಾರವನ್ನು ಬಳಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ನಾಲ್ಕು ಮಂದಿಯ ಶೆಡ್ಡಿನಲ್ಲಿ ಏಳುವ ಧೂಳು ನಲ್ವತ್ತು ಮಂದಿಯ ಕಾರ್ಖಾನೆಯ ಧೂಳಿಗಿಂತ ಸೌಮ್ಯವಾದುದೇ? ಚಿಕ್ಕ ಉದ್ಯಮಕ್ಕೆ ತೆರಿಗೆಯಲ್ಲಿ ರಿಯಾಯಿತಿ ಕೊಡಬಹುದು, ಸಾಲದಲ್ಲಿ ಕೊಡಬಹುದು. ಕಾರ್ಮಿಕನ ಉಸಿರಿನಲ್ಲಿ ರಿಯಾಯಿತಿ ಕೊಡುವಂತಿಲ್ಲ.

ಹಾಗಾದರೆ ಚಿಕ್ಕ ಉದ್ಯಮಿ ಏನು ಮಾಡಬೇಕು? ಮೊದಲನೆಯದಾಗಿ, ಮರಳನ್ನು ಸಂಪೂರ್ಣವಾಗಿ ಕೈಬಿಡಬೇಕು. ಉಕ್ಕಿನ ಗ್ರಿಟ್, ಅಲ್ಯುಮಿನಿಯಂ ಆಕ್ಸೈಡ್, ಗಾರ್ನೆಟ್, ಗಾಜಿನ ಮಣಿಗಳು ಇಂದು ಲಭ್ಯವಿವೆ. ಎರಡನೆಯದಾಗಿ, ಬ್ಲಾಸ್ಟಿಂಗ್ ಬಯಲಲ್ಲಿ ನಡೆಯಬಾರದು. ಚಿಕ್ಕ ವಸ್ತುಗಳಿಗೆ ಮುಚ್ಚಿದ ಕ್ಯಾಬಿನೆಟ್, ದೊಡ್ಡವಕ್ಕೆ ಪ್ರತ್ಯೇಕ ಕೋಣೆ ಮತ್ತು ಧೂಳು ಹೀರುವ ವ್ಯವಸ್ಥೆ ಬೇಕು. ಮೂರನೆಯದಾಗಿ, ಕೋಣೆಯೊಳಗೆ ನಿಂತು ನಾಜಲ್ ಹಿಡಿಯುವವನಿಗೆ ಹೊರಗಿನಿಂದ ಶುದ್ಧ ಗಾಳಿ ಬರುವ ಹೆಲ್ಮೆಟ್ ಕೊಡಬೇಕು. ಆ ಗಾಳಿಯನ್ನು ಎಳೆಯುವ ಬಾಯಿ ಡೀಸೆಲ್ ಎಂಜಿನಿನ ಹೊಗೆಯ ಬಳಿ ಇರಬಾರದು. ನಾಲ್ಕನೆಯದಾಗಿ, ಕೈ ಸಡಿಲಿಸಿದ ಕೂಡಲೇ ಗಾಳಿ ನಿಲ್ಲುವ ಲಿವರ್ ನಾಜಲ್‌ಗೆ ಇರಬೇಕು. ಸವೆದ ಪೈಪು ಮತ್ತು ಸಡಿಲವಾದ ಜೋಡಣೆ ಕಣ್ಣನ್ನೋ ಕೈಯನ್ನೋ ಕಸಿಯಬಲ್ಲವು. ಐದನೆಯದಾಗಿ, ನೆಲದ ಧೂಳನ್ನು ಪೊರಕೆಯಿಂದ ಗುಡಿಸುವುದು, ಮೈಮೇಲಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವುದು ನಿಲ್ಲಬೇಕು. ನೀರು ಚಿಮುಕಿಸಿ ಒರೆಸಬೇಕು. ಕೆಲಸದ ಬಟ್ಟೆ ಅಲ್ಲೇ ಉಳಿಯಬೇಕು. ಇಲ್ಲವಾದರೆ ತಂದೆಯ ಅಂಗಿಯ ಧೂಳು ಮನೆಯ ಮಗುವಿನ ಮೂಗನ್ನೂ ಸೇರುತ್ತದೆ. ಹದಿನೆಂಟು ತುಂಬದವರನ್ನು ಈ ಕೆಲಸದ ಹತ್ತಿರಕ್ಕೂ ಬಿಡಬಾರದು. ಕೆಲಸಕ್ಕೆ ಸೇರುವಾಗಲೂ ಬಳಿಕ ನಿಯಮಿತವಾಗಿಯೂ ಎದೆಯ ಎಕ್ಸ್‌ರೇ ಮತ್ತು ಶ್ವಾಸ ಪರೀಕ್ಷೆ ಆಗಬೇಕು.

ಇಷ್ಟೆಲ್ಲ ಮಾಡಿದರೆ ಅಂಗಡಿ ಮುಚ್ಚಬೇಕಾದೀತು ಎಂಬ ಆಕ್ಷೇಪ ಬರುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಮರಳು ಅಗ್ಗ, ಗ್ರಿಟ್ ದುಬಾರಿ. ಆದರೆ ಮರಳು ಒಂದೇ ಬಳಕೆಗೆ ಪುಡಿಯಾಗುತ್ತದೆ, ಉಕ್ಕಿನ ಗ್ರಿಟ್ಟನ್ನು ಮುಚ್ಚಿದ ಕೋಣೆಯಲ್ಲಿ ಸಂಗ್ರಹಿಸಿ ಮತ್ತೆ ಮತ್ತೆ ಬಳಸಬಹುದು. ಒಬ್ಬರಿಂದಾಗದ ಬ್ಲಾಸ್ಟಿಂಗ್ ಕೋಣೆಯನ್ನು ಒಂದೇ ಪ್ರದೇಶದ ನಾಲ್ಕೈದು ಘಟಕಗಳು ಸೇರಿ ಕಟ್ಟಬಹುದು. ಹೊಸ ಕಂಪ್ರೆಸರ್‌ಗೆ ಸಾಲ ಮಂಜೂರು ಮಾಡುವ ಬ್ಯಾಂಕು ಮತ್ತು ಸಹಕಾರಿ ಸಂಘಗಳು ಹೆಲ್ಮೆಟ್ ಹಾಗೂ ಧೂಳು ಹೀರುವ ಯಂತ್ರದ ವೆಚ್ಚವನ್ನೂ ಆ ಸಾಲದೊಳಗೇ ಸೇರಿಸಬಹುದು. ಅಷ್ಟಾಗಿಯೂ ಕೆಲಸಗಾರನ ಆಯುಷ್ಯವನ್ನು ಕಡಿತಗೊಳಿಸದೆ ಲಾಭವೇ ಬಾರದೆಂದಾದರೆ ಅಂತಹ ಲಾಭದ ಬಗ್ಗೆ ಧಣಿ ತನ್ನ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಲಿ.

ಹೊಣೆ ಧಣಿಯೊಬ್ಬನದ್ದೇ ಅಲ್ಲ. ಕೆಮ್ಮು ಮತ್ತು ಉಬ್ಬಸದಿಂದ ಬಂದ ರೋಗಿಯನ್ನು ವೈದ್ಯರು ‘ಏನು ಕೆಲಸ ಮಾಡುತ್ತೀರಿ?’ ಎಂದು ಕೇಳಬೇಕು. ಹಾಗೆ ಕೇಳದೆ ಕ್ಷಯದ ಮಾತ್ರೆ ಕೊಟ್ಟು ಕಳುಹಿಸಿದರೆ ಆತ ಮರುದಿನ ಅದೇ ಧೂಳಿಗೆ ಮರಳುತ್ತಾನೆ. ರಾಜಸ್ಥಾನ ಸರಕಾರವು 2019ರಲ್ಲಿ ಸಿಲಿಕೋಸಿಸ್ ರೋಗಿಗಳನ್ನು ಗುರುತಿಸಿ ನೆರವು ನೀಡುವ ನೀತಿಯನ್ನು ಪ್ರಕಟಿಸಿತು. ಪ್ರತಿಯೊಂದು ರಾಜ್ಯಕ್ಕೂ ಅಂತಹ ನೀತಿ ಬೇಕು. ಕುಟುಂಬಗಳೂ ಮೌನ ಮುರಿಯಬೇಕು. ಮಗ ಕೆಲಸಕ್ಕೆ ಸೇರಿದಾಗ ಸಂಬಳ ಎಷ್ಟು ಎಂದು ಕೇಳುವ ನಾವು, ಅಲ್ಲಿ ಏನನ್ನು ಉಸಿರಾಡುತ್ತಿ ಎಂದೂ ಕೇಳಬೇಕು. ದುಡಿಯುವ ವಯಸ್ಸಿನ ಯುವಕ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುವಾಗ ಅದನ್ನು ವಿಧಿಯೆಂದು ಕರೆದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಮನುಷ್ಯನ ನಿರ್ಲಕ್ಷ್ಯದಿಂದ ಬಂದ ರೋಗವನ್ನು ವಿಧಿಯ ಲೆಕ್ಕಕ್ಕೆ ಬರೆಯುವ ಹಕ್ಕು ನಮಗಿಲ್ಲ.